ಕಪ್ಪು-ಬಿಳುಪು ಚಿತ್ರ: ಡಾರ್ಕ್‌ರೂಮಿನಿಂದ ಡಿಜಿಟಲ್ ತಿದ್ದುಪಡಿಯವರೆಗೆ

ಕಂಪ್ಯೂಟರಿನಲ್ಲಿ ತಿದ್ದಿದ ಕಪ್ಪು-ಬಿಳುಪು ಛಾಯಾಚಿತ್ರಗಳ ಬಗ್ಗೆ ಫಿಲ್ಮ್ ಯುಗದ ಛಾಯಾಗ್ರಾಹಕರಲ್ಲಿ ಹಲವರು ಅಸಮಾಧಾನ ತೋರುತ್ತಾರಾದರೂ, ತಿದ್ದುವುದು ಅವರ ಕಸುಬಿಗೆ ಹೊರಗಿನದೇನಲ್ಲ. ನೆಗೆಟಿವ್‌ನಿಂದ, ಅಂದರೆ ಬೆಳಕು-ನೆರಳುಗಳು ತಿರುವುಮುರುವಾಗಿ ಮೂಡಿದ ಫಿಲ್ಮಿನಿಂದ, ಕಾಗದದ ಮೇಲೆ ಚಿತ್ರ ಮೂಡಿಸುವಾಗ ಒಂದು ಭಾಗಕ್ಕೆ ಬೀಳುವ ಬೆಳಕಿಗೆ ಕೈಯನ್ನೋ ರಟ್ಟಿನ ತುಂಡನ್ನೋ ಅಡ್ಡ ಹಿಡಿದು ಅದನ್ನು ತಿಳಿಯಾಗಿಸುವುದಕ್ಕೆ ‘ಡಾಡ್ಜಿಂಗ್’ ಎಂದೂ, ಇನ್ನೊಂದು ಭಾಗಕ್ಕೆ ಹೆಚ್ಚು ಹೊತ್ತು ಬೆಳಕು ಕೊಟ್ಟು ಗಾಢವಾಗಿಸುವುದಕ್ಕೆ ‘ಬರ್ನಿಂಗ್’ ಎಂದೂ ಹೆಸರು. ಫೋಟೋಶಾಪ್ ತಂತ್ರಾಂಶದ ಉಪಕರಣಗಳಿಗೂ ಇವೇ ಹೆಸರುಗಳಿವೆ. ಅಮೆರಿಕದ ಆನ್ಸೆಲ್ ಆಡಮ್ಸ್ (1902–1984), ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಊರಿನ ಮೇಲೆ ಚಂದ್ರ ಮೂಡಿದ ದೃಶ್ಯವನ್ನು 1941ರಲ್ಲಿ ಸೆರೆಹಿಡಿದು, ಆ ಒಂದೇ ನೆಗೆಟಿವ್‌ನಿಂದ ದಶಕಗಳ ಕಾಲ ಮುದ್ರಿಸುತ್ತ, ಮೊದಲ ಪ್ರತಿಗಳಲ್ಲಿ ತೆಳುಮೋಡಗಳಿದ್ದ ಆಕಾಶವನ್ನು ಮುಂದಿನ ಪ್ರತಿಗಳಲ್ಲಿ ಬಹುಮಟ್ಟಿಗೆ ಕಪ್ಪಾಗಿಸಿದರು.

ಆದ್ದರಿಂದ ಆಕ್ಷೇಪದ ಬೇರನ್ನು ಬೇರೆಡೆ ಹುಡುಕಬೇಕು. ಅದು ಮೊದಲನೆಯದಾಗಿ ನಿರ್ಧಾರದ ಹೊತ್ತಿಗೆ ಸಂಬಂಧಿಸಿದೆ. 1927ರಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯೆದುರು ನಿಂತ ಆಡಮ್ಸ್, ಹಳದಿ ಫಿಲ್ಟರ್‌ನಲ್ಲಿ ಆಕಾಶ ತಾವು ಬಯಸಿದಷ್ಟು ಗಂಭೀರವಾಗಿ ಮೂಡದೆಂದು ಅರಿತು, ಉಳಿದಿದ್ದ ಒಂದೇ ಗಾಜಿನ ಪ್ಲೇಟಿಗೆ ನೀಲಿ ಬೆಳಕನ್ನು ತಡೆಯುವ ಗಾಢ ಕೆಂಪು ಫಿಲ್ಟರ್ ಬಳಸಿದರು. ಡಿಜಿಟಲ್ ಕ್ಯಾಮೆರಾ ಸಾಮಾನ್ಯವಾಗಿ ಬಣ್ಣಗಳನ್ನೂ ದಾಖಲಿಸುವುದರಿಂದ, ಅಂಥದೇ ಪರಿಣಾಮವನ್ನು ಇಂದು ಚಿತ್ರ ತೆಗೆದ ಎಷ್ಟೋ ದಿನಗಳ ಬಳಿಕವೂ ನೀಲಿಯನ್ನಷ್ಟೇ ಗಾಢಗೊಳಿಸಿ ಪಡೆಯಬಹುದು. ದೃಶ್ಯದೆದುರೇ ಅಂತಿಮ ಚಿತ್ರವನ್ನು ಮನಸ್ಸಿನಲ್ಲಿ ಕಾಣುವ ಶಿಸ್ತು ಇದರಿಂದ ಸಡಿಲಗೊಳ್ಳುತ್ತದೆಂಬ ಹಿರಿಯರ ಆತಂಕ ನಿರಾಧಾರವಲ್ಲ.

ಎರಡನೆಯ ಆಕ್ಷೇಪ ಛಾಯೆಯನ್ನು ಮಾರ್ಪಡಿಸುವುದಕ್ಕೂ ಚಿತ್ರದೊಳಗಿನ ವಸ್ತುವನ್ನೇ ಬದಲಿಸುವುದಕ್ಕೂ ನಡುವಣ ಗೆರೆಯನ್ನು ಕುರಿತದ್ದು. ಆದರೆ ಈ ಗೆರೆಯನ್ನು ಮೊದಲು ದಾಟಿದ್ದು ಕಂಪ್ಯೂಟರ್ ಅಲ್ಲ: ಡೊರೊಥಿಯಾ ಲ್ಯಾಂಗ್ ಅವರು 1936ರಲ್ಲಿ ತೆಗೆದ ‘ವಲಸೆ ತಾಯಿ’ ಚಿತ್ರದ ಮೂಲೆಯಲ್ಲಿದ್ದ ಹೆಬ್ಬೆರಳನ್ನು ಬಳಿಕ ನೆಗೆಟಿವ್‌ನಲ್ಲೇ ಮರೆಮಾಡಲಾಯಿತು, ‘ಲೈಫ್’ ಪತ್ರಿಕೆಯಲ್ಲಿ 1954ರಲ್ಲಿ ಪ್ರಕಟವಾದ ಆಲ್ಬರ್ಟ್ ಶ್ವೈಟ್ಜರ್ ಚಿತ್ರಕ್ಕೆ ಯೂಜೀನ್ ಸ್ಮಿತ್ ಬೇರೊಂದು ನೆಗೆಟಿವ್‌ನಿಂದ ಗರಗಸದ ಹಿಡಿಯನ್ನೂ ಕೈಯನ್ನೂ ಸೇರಿಸಿದ್ದರು. ವರ್ಷಗಳ ಕೈಪಳಗಿಕೆ ಬೇಡುತ್ತಿದ್ದ ಇಂಥ ಕೆಲಸವನ್ನು ಎಲ್ಲರಿಗೂ ಸುಲಭವಾಗಿಸಿರುವುದೇ ಡಿಜಿಟಲ್ ತಂತ್ರ ತಂದ ನಿಜವಾದ ಬದಲಾವಣೆ.

ಹಳೆಯ ಪರಂಪರೆಯವರೆಲ್ಲರೂ ಹೊಸತನ್ನು ನಿರಾಕರಿಸಿದವರಲ್ಲ. ಆಡಮ್ಸ್ ತಮ್ಮ ಕೊನೆಯ ವರ್ಷಗಳಲ್ಲಿ ಎಲೆಕ್ಟ್ರಾನಿಕ್ ಚಿತ್ರಣವನ್ನು ಉತ್ಸಾಹದಿಂದ ಎದುರುನೋಡಿದರೆ, ಬ್ರೆಜಿಲ್‌ನ ಸೆಬಾಸ್ಟಿಯಾವೊ ಸಾಲ್ಗಾಡೊ ಡಿಜಿಟಲ್ ಕ್ಯಾಮೆರಾಕ್ಕೆ ಹೊರಳಿದ ಮೇಲೂ ಕಡತಗಳಿಂದ ನೆಗೆಟಿವ್ ಮಾಡಿಸಿ, ಬೆಳ್ಳಿಯ ಲವಣ ಲೇಪಿಸಿದ ಸಾಂಪ್ರದಾಯಿಕ ಕಾಗದದ ಮೇಲೆ ಮುದ್ರಿಸಿದರು. ತಿದ್ದಿದ ಉಪಕರಣ ಯಾವುದೆಂಬುದಕ್ಕಿಂತ, ಏನನ್ನು ತಿದ್ದಲಾಯಿತು ಮತ್ತು ಅದನ್ನು ನೋಡುಗರಿಂದ ಮರೆಮಾಚಲಾಯಿತೆ ಎಂಬುದೇ ಕಪ್ಪು-ಬಿಳುಪು ಚಿತ್ರವನ್ನು ಅಳೆಯಲು ಹೆಚ್ಚು ನ್ಯಾಯವಾದ ಮಾನದಂಡ.