ಸೊಂಟ ಹಿಡಿದರೆ ಹಾಸಿಗೆ ಹಿಡಿಯಬೇಡಿ

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಸುತ್ತಿನ ಹೊಲಗಳಲ್ಲಿ ಮುಂಗಾರಿನ ಮಳೆ ಬಿದ್ದೊಡನೆ ಹೊಗೆಸೊಪ್ಪಿನ ನಾಟಿ ಆರಂಭವಾಗುತ್ತದೆ. ಅಂದಿನಿಂದ ಸೊಪ್ಪು ಹರಾಜಿಗೆ ಹೋಗುವವರೆಗೂ ಬೇಸಾಯಗಾರರ ಸೊಂಟಕ್ಕೆ ಬಿಡುವಿಲ್ಲ. ಸಸಿ ನೆಡಲು ಬಾಗಬೇಕು. ಬುಡದ ಎಲೆ ಮುರಿಯಲು ಇನ್ನೂ ಹೆಚ್ಚು ಬಾಗಬೇಕು. ಹಸಿ ಎಲೆಯ ಹೊರೆ ಹೊರಬೇಕು. ಕಡ್ಡಿಗೆ ಕಟ್ಟಲು ಗಂಟೆಗಟ್ಟಲೆ ನೆಲದ ಮೇಲೆ ಕೂರಬೇಕು. ಬ್ಯಾರನ್ನಿನೊಳಗೆ ಕಾಲಗಲಿಸಿ ನಿಂತು ಕಡ್ಡಿಗಳನ್ನು ಮೇಲಕ್ಕೆ ಏರಿಸಬೇಕು. ಹುಣಸೂರು, ಎಚ್.ಡಿ. ಕೋಟೆ ಕಡೆಯೂ ಇದೇ ಪಾಡು. ಕೆ.ಆರ್. ನಗರದ ಗದ್ದೆ ಬಯಲಿನಲ್ಲಿ ಭತ್ತದ ನಾಟಿ ಮಾಡುವ, ಕಳೆ ಕೀಳುವ ಹೆಣ್ಣುಮಕ್ಕಳ ಬೆನ್ನಿನ ಪಾಡನ್ನು ಬೇರೆ ಹೇಳಬೇಕಾಗಿಲ್ಲ.

ಇಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಸೊಂಟ ಹಿಡಿದುಕೊಂಡಿತೆನ್ನಿ. ಹಣ್ಣಾದ ಎಲೆ ಕಾಯುವುದಿಲ್ಲ. ಬ್ಯಾರನ್ನಿಗೆ ಹಾಕಿದ ಬೆಂಕಿಯನ್ನು ನಡುವೆ ಬಿಡುವಂತಿಲ್ಲ. ಆಗ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಒಂದೋ, ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ನುಂಗಿ ಅದೇ ದಿನ ಹೊರೆ ಹೊರುವುದು. ಇಲ್ಲವೇ, ಅಲ್ಲಾಡಬಾರದೆಂದು ಹದಿನೈದು ದಿನ ಮಂಚ ಹಿಡಿಯುವುದು. ಎರಡೂ ಸರಿಯಲ್ಲ. ಇವೆರಡರ ನಡುವಿನ ಹಾದಿಯೇ ಭೌತಚಿಕಿತ್ಸೆ, ಅಂದರೆ ಎಲ್ಲರೂ ಹೇಳುವ ಫಿಸಿಯೋಥೆರಪಿ.

ನೋವು ಏಕೆ ಬರುತ್ತದೆ?

ಹಾರೆಯಿಂದ ಕಲ್ಲು ಮೀಟುವಾಗ ಕೈ ಹಿಡಿದ ಜಾಗ ಕಲ್ಲಿನಿಂದ ದೂರವಿದ್ದಷ್ಟೂ ಬಲ ಹೆಚ್ಚುವುದನ್ನು ನೀವು ಬಲ್ಲಿರಿ. ಬಾಗಿ ಭಾರ ಎತ್ತುವಾಗ ನಿಮ್ಮ ಬೆನ್ನೂ ಹಾರೆಯಂತೆಯೇ ವರ್ತಿಸುತ್ತದೆ. 45 ಕಿಲೋ ಯೂರಿಯಾ ಚೀಲವನ್ನು ಮೈಗೆ ಒತ್ತಿ ಹಿಡಿದರೆ ಸೊಂಟದ ಮೇಲೆ ಬೀಳುವ ಒತ್ತಡ ಒಂದು ಬಗೆ. ಕೈ ಚಾಚಿ ಎತ್ತಿದರೆ ಅದರ ಹಲವು ಪಟ್ಟು. ಆ ಒತ್ತಡವನ್ನು ಸೊಂಟದ ಐದು ಬೆನ್ನೆಲುಬು ಮೂಳೆಗಳು, ಅವುಗಳ ನಡುವಿನ ಮೆತ್ತೆಯಂಥ ಬಿಲ್ಲೆಗಳು ಮತ್ತು ಸುತ್ತಲಿನ ಸ್ನಾಯುಗಳು ತಡೆಯಬೇಕು. ಸ್ನಾಯು ಗಟ್ಟಿಯಿದ್ದರೆ ಭಾರ ಹಂಚಿಹೋಗುತ್ತದೆ. ದಣಿದಿದ್ದರೆ ಸಣ್ಣ ಉಳುಕೂ ದೊಡ್ಡ ನೋವಾಗುತ್ತದೆ. ಆದರೆ ನೋವು ಬಂದ ಮಾತ್ರಕ್ಕೆ ಮೂಳೆ ಮುರಿಯಿತೆಂದೋ ಬಿಲ್ಲೆ ಜಾರಿತೆಂದೋ ತಿಳಿಯಬೇಕಾಗಿಲ್ಲ. ಸೊಂಟನೋವಿನ ಬಹುಪಾಲು ಪ್ರಕರಣಗಳು ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ.

ವಿಶ್ರಾಂತಿ ಎಷ್ಟು ಬೇಕು?

ಫಿನ್ಲೆಂಡ್ ದೇಶದ ಹೆಲ್ಸಿಂಕಿ ನಗರದಲ್ಲಿ ಸೊಂಟ ಹಿಡಿದಿದ್ದ 186 ಮಂದಿ ನೌಕರರನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದ ವರದಿ 1995ರಲ್ಲಿ ಪ್ರಕಟವಾಯಿತು. ಒಂದು ಗುಂಪು ಎರಡು ದಿನ ಪೂರ್ತಿ ಹಾಸಿಗೆಯಲ್ಲಿತ್ತು. ಇನ್ನೊಂದು ಗುಂಪಿಗೆ ವ್ಯಾಯಾಮ ಹೇಳಿಕೊಡಲಾಯಿತು. ಮೂರನೆಯದು ನೋವು ತಡೆಯುವಷ್ಟರ ಮಟ್ಟಿಗೆ ದಿನದ ಕೆಲಸ ನಡೆಸಿಕೊಂಡು ಹೋಯಿತು. ಬೇಗ ಗುಣವಾದವರು ಮೂರನೆಯ ಗುಂಪಿನವರು. ತಡವಾಗಿ ಗುಣವಾದವರು ಮಲಗಿದವರು. ಆದ್ದರಿಂದ ನೋವು ಬಂದ ಹೊಸದರಲ್ಲಿ ಭಾರ ಎತ್ತುವುದನ್ನು ಬಿಡಿ, ಓಡಾಟವನ್ನು ಬಿಡಬೇಡಿ. ಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಬಾವಿಗೆ ಎಂದು ಆಗಾಗ ಎದ್ದು ನಡೆಯಿರಿ. ಮಲಗಿದ್ದಷ್ಟೂ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ.

ನೋವು ಮೂರು ತಿಂಗಳು ದಾಟಿ ಹಳೆಯದಾದರೆ ವ್ಯಾಯಾಮದ ಪಾತ್ರ ಹಿರಿದು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೆಯ ಸೊಂಟನೋವಿನ ಬಗೆಗೆ ಹೊರಡಿಸಿದ ಮಾರ್ಗದರ್ಶನವು ಕ್ರಮಬದ್ಧ ವ್ಯಾಯಾಮವನ್ನೂ ನೋವಿನ ಬಗ್ಗೆ ರೋಗಿಗೆ ತಿಳಿವಳಿಕೆ ಕೊಡುವುದನ್ನೂ ಒತ್ತಿ ಹೇಳುತ್ತದೆ. ಸೊಂಟಕ್ಕೆ ಪಟ್ಟಿ ಬಿಗಿಯುವುದನ್ನಾಗಲಿ, ಭಾರ ಕಟ್ಟಿ ಎಳೆಸುವುದನ್ನಾಗಲಿ ವಾಡಿಕೆಯಾಗಿ ಮಾಡಬಾರದೆಂದೂ ಅದು ಹೇಳುತ್ತದೆ.

ಮನೆಯಲ್ಲೇ ಮಾಡಬಹುದಾದ ಅಭ್ಯಾಸಗಳು

ಬೆಳಿಗ್ಗೆ ಹಾಲು ಕರೆದ ಮೇಲೆ ಕಾಲು ಗಂಟೆ, ಸಂಜೆ ಕಾಲು ಗಂಟೆ ಸಾಕು. ಬೇಕಾದದ್ದು ಒಂದು ಚಾಪೆ, ಒಂದು ಟವೆಲ್, ಒಂದು ಗೋಡೆ.

1. ಅಂಗಾತ ಮಲಗಿ ಎರಡೂ ಮಂಡಿ ಮಡಿಸಿ. ಒಂದು ಮಂಡಿಯನ್ನು ಕೈಗಳಿಂದ ಹಿಡಿದು ಎದೆಯತ್ತ ನಿಧಾನವಾಗಿ ತನ್ನಿ. ಹತ್ತು ಎಣಿಸಿ ಬಿಡಿ. ಇನ್ನೊಂದು ಕಾಲಿಗೂ ಹೀಗೆಯೇ, ಐದೈದು ಸಲ. ಇದರಿಂದ ನೋವು ತೊಡೆಯಿಂದ ಕೆಳಗೆ ಹರಿದರೆ ಈ ಅಭ್ಯಾಸ ಬಿಡಿ.

2. ಅದೇ ಭಂಗಿಯಲ್ಲಿ ಪಾದಗಳನ್ನು ನೆಲಕ್ಕೂರಿ, ಸೊಂಟವನ್ನು ಗೇಣುದ್ದ ಮೇಲೆತ್ತಿ, ಐದು ಎಣಿಸಿ ಇಳಿಸಿ. ಹತ್ತು ಸಲ. ಉಸಿರು ಬಿಗಿಹಿಡಿಯಬೇಡಿ.

3. ಅಂಗೈ, ಮಂಡಿ ಊರಿ ಹಸುವಿನಂತೆ ನಿಂತು, ಬೆನ್ನನ್ನು ಮೇಲಕ್ಕೆ ಗೂನಿಸಿ, ಬಳಿಕ ಮೆಲ್ಲಗೆ ಕೆಳಕ್ಕೆ ಇಳಿಬಿಡಿ. ಹತ್ತು ಸಲ. ಮಂಡಿ ನೋಯುವವರು ಇದನ್ನು ಬಿಡಬಹುದು.

4. ಮಂಡಿನೋವಿದ್ದವರು ಕಾಲು ನೀಡಿ ಕುಳಿತು, ಸುತ್ತಿದ ಟವೆಲನ್ನು ಮಂಡಿಯ ಕೆಳಗಿಟ್ಟು, ಅದನ್ನು ಮಂಡಿಯಿಂದ ಅದುಮಿ ಐದು ಎಣಿಸಿ ಬಿಡಿ. ಹತ್ತು ಸಲ. ಬಳಿಕ ಎತ್ತರದ ಜಗಲಿಯ ಮೇಲೆ ಕುಳಿತು, ಕೈ ಊರದೆ ನಿಧಾನವಾಗಿ ಏಳುವುದು, ಕೂರುವುದು. ತೊಡೆಯ ಸ್ನಾಯು ಬಲವಾದಂತೆ ಸವೆದ ಮಂಡಿಯ ನೋವೂ ತಗ್ಗುತ್ತದೆ.

5. ಭುಜ ಬಿಗಿದು ಕೈ ಮೇಲೇಳದವರು ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಇರುವೆ ಹತ್ತುವಂತೆ ಮೇಲಕ್ಕೆ ನಡೆಸಿ. ಮುಟ್ಟಿದ ಎತ್ತರಕ್ಕೆ ಇದ್ದಿಲಿನಿಂದ ಗೆರೆ ಹಾಕಿ; ಮುಂದಿನ ವಾರ ಎಷ್ಟು ಏರಿತೆಂದು ನೋಡಿ. ಭುಜದ ಬಿಗಿತ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು, ಅದನ್ನೂ ಪರೀಕ್ಷಿಸಿಕೊಳ್ಳಿ.

ಅಭ್ಯಾಸ ಮಾಡುವಾಗ ಸ್ವಲ್ಪ ಎಳೆತ, ನೋವು ಸಹಜ. ಮರುದಿನ ಬೆಳಿಗ್ಗೆಯೂ ನೋವು ಹೆಚ್ಚೇ ಉಳಿದಿದ್ದರೆ ಎಣಿಕೆಯನ್ನು ಅರ್ಧಕ್ಕೆ ಇಳಿಸಿ. ಒಂದೇ ದಿನ ಕೆರೆ ನೀರೆಲ್ಲ ಹರಿಸಿದರೆ ಪೈರು ಬಾರದು. ದಿನವೂ ಹದವಾಗಿ ಕೊಡಬೇಕು. ಆರರಿಂದ ಹನ್ನೆರಡು ವಾರ ತಪ್ಪದೆ ಮಾಡಿದರೆ ಫಲ ಕಾಣುತ್ತದೆ. ನೋವು ಹೋಯಿತೆಂದು ಬಿಟ್ಟರೆ ಮುಂದಿನ ನಾಟಿಗೆ ಅದು ಮತ್ತೆ ಹಾಜರು.

ಕೆಲಸದ ರೀತಿಯನ್ನು ಬದಲಿಸಿ

ಚೀಲವನ್ನು ಮಂಡಿ ಮಡಿಸಿ, ಮೈಗೆ ಒತ್ತಿ ಎತ್ತಿ; ಎತ್ತಿದ ಮೇಲೆ ಸೊಂಟ ತಿರುಚದೆ ಪಾದಗಳನ್ನೇ ತಿರುಗಿಸಿ. ಸಾಧ್ಯವಾದಲ್ಲಿ ಇಬ್ಬರು ಸೇರಿ ಎತ್ತಿ. ಬಾಗಿ ಮಾಡುವ ಕೆಲಸದಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು, ಸೊಂಟಕ್ಕೆ ಕೈಯಿಟ್ಟು ಹಿಂದಕ್ಕೆ ಬಾಗಿ. ಕಡ್ಡಿಗೆ ಎಲೆ ಕಟ್ಟುವವರಿಗೆ ನೆಲದ ಬದಲು ಗಿಡ್ಡ ಮಣೆ, ಒರಗಲು ಗೋಡೆ ಕೊಡಿ. ಕಳೆ ತೆಗೆಯಲು ನಿಂತೇ ನಡೆಸುವ ಉದ್ದ ಹಿಡಿಯ ಸಲಕರಣೆಗಳಿವೆ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಇನ್ನೊಂದು ಮಾತು. ಯಜಮಾನರ ಸೊಂಟ ಹಿಡಿದರೆ ಆಸ್ಪತ್ರೆಗೆ ಗಾಡಿ ಹೊರಡುತ್ತದೆ. ಮನೆಯಾಕೆಯ ಸೊಂಟ ಹಿಡಿದರೆ ಅಡುಗೆಮನೆಯಲ್ಲೇ ಮುಚ್ಚಿಹೋಗುತ್ತದೆ. ಹೊಲದ ಕೆಲಸ ಮುಗಿದ ಮೇಲೂ ಕೊಡ ಹೊರುವ ಬೆನ್ನು ಅದು. ಅಭ್ಯಾಸಕ್ಕೆ ಆಕೆಗೂ ಕಾಲು ಗಂಟೆ ಬಿಡುವು ಸಿಗುವಂತೆ ನೋಡಿಕೊಳ್ಳುವುದು ಮನೆಯವರೆಲ್ಲರ ಹೊಣೆ.

ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕಾದಾಗ

ಮೂತ್ರ, ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ಕೂರುವ ಭಾಗ ಮರಗಟ್ಟಿದರೆ, ಕಾಲಿನ ಬಲ ಕುಂದಿ ಪಾದ ಎಳೆಯುವಂತಾದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬ್ಯಾರನ್ನಿನಿಂದಲೋ ಮರದಿಂದಲೋ ಬಿದ್ದ ಮೇಲೆ ಬಂದ ನೋವು, ಜ್ವರದೊಡನೆ ಬರುವ ನೋವು, ಮೈ ತೂಕ ಇಳಿಯುತ್ತಾ ರಾತ್ರಿ ನಿದ್ದೆಗೆಡಿಸುವ ನೋವು ಇವನ್ನೂ ಉದಾಸೀನ ಮಾಡಬಾರದು. ಇಂಥ ಸಂದರ್ಭದಲ್ಲಿ ಸೊಂಟ ತುಳಿಸುವುದು, ನಾಟಿ ವೈದ್ಯರಿಂದ ಎಳೆಸುವುದು ಅಪಾಯ. ವೈದ್ಯರನ್ನು ಕೇಳದೆ ನೋವಿನ ಮಾತ್ರೆಗಳನ್ನು ದಿನಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು.

ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಭೌತಚಿಕಿತ್ಸೆ ಎಲ್ಲಿ ದೊರೆಯುವುದೆಂದು ಅಲ್ಲಿಯೇ ಕೇಳಿ. ತರಬೇತಿ ಪಡೆದ ಭೌತಚಿಕಿತ್ಸಕರು ಕೀಲು ಎಷ್ಟು ಬಾಗುತ್ತದೆ, ಯಾವ ಸ್ನಾಯು ಸೊರಗಿದೆ ಎಂದು ಅಳೆದು, ನಿಮಗೆ ತಕ್ಕ ಅಭ್ಯಾಸಗಳನ್ನು ಗೊತ್ತುಮಾಡುತ್ತಾರೆ. ಅವನ್ನು ಒಮ್ಮೆ ಅವರೆದುರಿಗೇ ಮಾಡಿ ತೋರಿಸಿ ಬನ್ನಿ. ಬಿಸಿ ಶಾಖ, ವಿದ್ಯುತ್ ಯಂತ್ರಗಳು ತಾತ್ಕಾಲಿಕ ನೆಮ್ಮದಿ ಕೊಡಬಹುದು. ಹಿಂತಿರುಗಿ ಹೊಲಕ್ಕೆ ಇಳಿಸುವುದು ನೀವೇ ಮಾಡುವ ಅಭ್ಯಾಸ.

ಪಂಪ್‌ಸೆಟ್ಟು ಕೆಟ್ಟರೆ ಅಂದೇ ದುರಸ್ತಿ ಮಾಡಿಸುತ್ತೀರಿ, ಎತ್ತು ಕುಂಟಿದರೆ ಅಂದೇ ನೊಗ ಇಳಿಸುತ್ತೀರಿ. ಜೀವಮಾನವೆಲ್ಲ ದುಡಿಯಬೇಕಾದ ನಿಮ್ಮ ಸೊಂಟಕ್ಕೂ ಅಷ್ಟೇ ಕಾಳಜಿ ತೋರಿಸಿ. ನಾಳೆ ಬೆಳಿಗ್ಗೆಯೇ ಚಾಪೆ ಹಾಸಿ ಆರಂಭಿಸಿ.