ಕಿರಣ್ ಮಜುಂದಾರ್ ಷಾ: ಹುದುಗು ತೊಟ್ಟಿಯಿಂದ ಇನ್ಸುಲಿನ್‌ವರೆಗೆ

ಕಿರಣ್ ಮಜುಂದಾರ್ ಷಾ ಅವರ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಷೇರುಪೇಟೆಯ ಸುದ್ದಿಯಲ್ಲಿ, ಇಲ್ಲವೇ ಸಿರಿವಂತರ ಪಟ್ಟಿಯಲ್ಲಿ. ಆದರೆ ಅವರು ಕಲಿತದ್ದು ಸೂಕ್ಷ್ಮಜೀವಿಗಳಿಂದ ಕೆಲಸ ತೆಗೆಯುವ ವಿದ್ಯೆ. ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿ ಮತ್ತು ಬೊಮ್ಮಸಂದ್ರದಲ್ಲಿ ಬೆಳೆದ ಬಯೋಕಾನ್ ಸಂಸ್ಥೆ ಕಿಣ್ವ, ಕೊಲೆಸ್ಟರಾಲ್ ಗುಳಿಗೆ, ಇನ್ಸುಲಿನ್, ಕ್ಯಾನ್ಸರ್ ಔಷಧ ಎಂದು ಸರಕನ್ನು ಬದಲಿಸುತ್ತಾ ಬಂದರೂ ಅದರ ಮೂಲ ಕಸುಬು ಬದಲಾಗಲಿಲ್ಲ. ಜೀವಕೋಶಗಳನ್ನು ಹದವಾಗಿ ಸಾಕಿ, ಅವು ತಯಾರಿಸಿದ್ದನ್ನು ಶುದ್ಧಮಾಡಿ ತೆಗೆಯುವುದೇ ಆ ಕಸುಬು.

ಕಿರಣ್ ಹುಟ್ಟಿದ್ದು 1953ರಲ್ಲಿ, ಬೆಂಗಳೂರಿನಲ್ಲಿ. ಅವರ ತಂದೆ ರಸೇಂದ್ರ ಮಜುಂದಾರ್ ಯುನೈಟೆಡ್ ಬ್ರೂವರೀಸ್‌ನಲ್ಲಿ ಮುಖ್ಯ ಬಿಯರ್ ತಯಾರಕರಾಗಿದ್ದರು. ಮಗಳು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪದವಿ ಪಡೆದು, ಆಸ್ಟ್ರೇಲಿಯಾದ ಬ್ಯಾಲರಾಟ್‌ನಲ್ಲಿ ತಂದೆಯಂತೆ ಬಿಯರ್ ತಯಾರಿಕೆಯ ವಿದ್ಯೆ ಓದಿ 1975ರಲ್ಲಿ ಹಿಂದಿರುಗಿದರು. ಆ ತರಗತಿಗೆ ಅವರೊಬ್ಬರೇ ಹೆಣ್ಣುಮಗಳು. ಭಾರತದ ಬಿಯರ್ ಕಾರ್ಖಾನೆಗಳು ಮಾತ್ರ ಹೆಂಗಸಿಗೆ ತಯಾರಕರ ಹುದ್ದೆ ಕೊಡಲು ಒಪ್ಪಲಿಲ್ಲ. ಐರ್ಲೆಂಡಿನ ಕಾರ್ಕ್‌ನಲ್ಲಿ ಬಯೋಕಾನ್ ಬಯೋಕೆಮಿಕಲ್ಸ್ ನಡೆಸುತ್ತಿದ್ದ ಲೆಸ್ಲಿ ಆಕಿನ್‌ಕ್ಲಾಸ್ ಭಾರತದಲ್ಲಿ ಪಾಲುದಾರರನ್ನು ಹುಡುಕುತ್ತಿದ್ದರು. ಹೀಗೆ 1978ರಲ್ಲಿ, 10 ಸಾವಿರ ರೂಪಾಯಿ ಬಂಡವಾಳದಲ್ಲಿ, ಬಾಡಿಗೆಯ ಕಾರ್ ಶೆಡ್ಡೊಂದರಲ್ಲಿ ಬಯೋಕಾನ್ ಇಂಡಿಯಾ ಶುರುವಾಯಿತು.

ಮೊದಲ ಸರಕುಗಳು ಎರಡು. ಒಂದು, ಪರಂಗಿಕಾಯಿಯ ಹಾಲಿನಿಂದ ತೆಗೆದ ಪಪೈನ್ ಎಂಬ ಕಿಣ್ವ. ತಣ್ಣಗಾದ ಬಿಯರ್ ಮಂಕಾಗುವುದಕ್ಕೆ ಅದರೊಳಗಿನ ಪ್ರೋಟೀನು ಕಾರಣ; ಪಪೈನ್ ಆ ಪ್ರೋಟೀನನ್ನು ತುಂಡರಿಸುತ್ತದೆ. ಇನ್ನೊಂದು, ಮೀನಿನ ಗಾಳಿಚೀಲದಿಂದ ಮಾಡುವ ಐಸಿಂಗ್ಲಾಸ್. ಇದು ತೇಲುವ ಯೀಸ್ಟನ್ನು ಹಿಡಿದು ತಳಕ್ಕೆ ಇಳಿಸುತ್ತದೆ. ಪರಂಗಿ ಹಾಲು, ಮೀನಿನ ಚೀಲ ಎರಡೂ ಇಲ್ಲಿ ಸುಲಭವಾಗಿ ಸಿಗುತ್ತಿದ್ದವು, ಗಿರಾಕಿಗಳು ಹೊರದೇಶದಲ್ಲಿದ್ದರು. ವ್ಯಾಪಾರ ನಡೆಯಿತು, ಆದರೆ ಇದರಲ್ಲಿ ಹೊಸ ವಿಜ್ಞಾನವೇನೂ ಇರಲಿಲ್ಲ.

ಹೊಸತು ಬಂದದ್ದು ಬೂಷ್ಟಿನಿಂದ. ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಸೂಕ್ಷ್ಮಜೀವಿಗಳನ್ನು ಬೆಳೆಸುವುದು ದ್ರವದಲ್ಲಿ, ದೊಡ್ಡ ಉಕ್ಕಿನ ತೊಟ್ಟಿಯೊಳಗೆ ಗಾಳಿಯೂದಿ, ಕಲಕುತ್ತಾ. ಕಾಡಿನ ನೆಲದಲ್ಲಿ, ಕೊಳೆತ ಮರದ ಮೇಲೆ ಬೆಳೆಯುವ ಬೂಷ್ಟಿಗೆ ನೀರೊಳಗಿನ ವಾಸ ಸಹಜವಲ್ಲ. ಒದ್ದೆಯಾದ ಗೋಧಿ ಬೂಸಾದಂಥ ಘನ ಆಹಾರದ ಮೇಲೆ ಬಿಟ್ಟರೆ ಅದೇ ಬೂಷ್ಟು ಕೆಲವು ಕಿಣ್ವಗಳನ್ನು ಹೇರಳವಾಗಿ ಸ್ರವಿಸುತ್ತದೆ. ಜಪಾನೀಯರು ಸೋಯಾ ಸಾಸ್‌ಗೆ ಕೋಜಿ ಬೆಳೆಸುವುದು ಹೀಗೆಯೇ, ತಟ್ಟೆಗಳಲ್ಲಿ ಹರಡಿ. ಬಯೋಕಾನ್ ತನ್ನ ಘನ ಮಾಧ್ಯಮದ ಹುದುಗುವಿಕೆಯನ್ನು ಈ ಜಪಾನೀ ಪದ್ಧತಿಯಿಂದಲೇ ರೂಪಿಸಿಕೊಂಡಿತು.

ತೊಡಕು ಶಾಖದ್ದು. ಬೆಳೆಯುವ ಬೂಷ್ಟು ಬಿಸಿಯನ್ನು ಹೊರಹಾಕುತ್ತದೆ; ಬೂಸಾ ಆ ಬಿಸಿಯನ್ನು ಸುಲಭಕ್ಕೆ ಹೊರಬಿಡುವುದಿಲ್ಲ. ತಿಪ್ಪೆಯ ಒಡಲು ಹೊಗೆಯಾಡುವಷ್ಟು ಕಾಯುವ ಹಾಗೆ ತಟ್ಟೆಯ ನಡುಭಾಗ ಕಾದು, ಬೂಷ್ಟು ತಾನೇ ಹುಟ್ಟಿಸಿದ ಶಾಖಕ್ಕೆ ಸಾಯುತ್ತದೆ. ತಣಿಸಲೆಂದು ಗಾಳಿ ಹಾಯಿಸಿದರೆ ಬೂಸಾ ಒಣಗುತ್ತದೆ. ಪದರ ತೆಳ್ಳಗೆ ಮಾಡಿದರೆ ಜಾಗ ಸಾಲದು, ಆಳುಗಳ ಕೈ ತಾಗಿದಷ್ಟೂ ಬೇಡದ ಜೀವಿಗಳು ಸೇರುತ್ತವೆ. ಇದಕ್ಕೆ ಬಯೋಕಾನ್ ತಂತ್ರಜ್ಞರು ಕಂಡುಕೊಂಡ ಪರಿಹಾರವೇ ಪ್ಲಾಫ್ರ್ಯಾಕ್ಟರ್. ಒಂದರ ಮೇಲೊಂದು ಜೋಡಿಸಿದ ತಟ್ಟೆಗಳು. ಪ್ರತಿ ತಟ್ಟೆಯ ತಳದೊಳಗೇ ಕೊರೆದ ಕಾಲುವೆಗಳು. ಕೆಲವು ಕಾಲುವೆಗಳಲ್ಲಿ ತಣಿಸುವ ದ್ರವ ಹರಿದರೆ, ಬೇರೆ ಕೆಲವು ಶುದ್ಧ ಗಾಳಿಯನ್ನೋ ಹಬೆಯನ್ನೋ ಬೂಸಾದೊಳಕ್ಕೆ ಬಿಡುತ್ತವೆ. ಹಬೆಯಲ್ಲಿ ಶುದ್ಧಗೊಳಿಸುವುದರಿಂದ ಹಿಡಿದು ಕೊನೆಗೆ ಸಾರ ಇಳಿಸಿಕೊಳ್ಳುವವರೆಗೆ ಎಲ್ಲವೂ ಮುಚ್ಚಿದ ಆ ಒಂದೇ ಪಾತ್ರೆಯಲ್ಲಿ. ಇದಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಷಾ ಅವರ ವೃತ್ತಿಜೀವನದಲ್ಲಿ ಅತಿ ಕಡಿಮೆ ಚರ್ಚೆಯಾದ, ಆದರೆ ವಿಜ್ಞಾನದ ದೃಷ್ಟಿಯಿಂದ ಅತಿ ಸ್ವಾರಸ್ಯದ ಅಧ್ಯಾಯ ಇದು.

ಈ ನಡುವೆ ಐರಿಷ್ ಸಂಸ್ಥೆಯ ಪಾಲು 1989ರಲ್ಲಿ ಯೂನಿಲಿವರ್‌ಗೆ, ಮುಂದೆ ಐಸಿಐ ಕಂಪನಿಗೆ ಹೋಯಿತು. 1998ರಲ್ಲಿ ಪತಿ ಜಾನ್ ಷಾ ಆ ಷೇರುಗಳನ್ನು ಕೊಂಡ ಮೇಲೆ ಬಯೋಕಾನ್ ಔಷಧದತ್ತ ತಿರುಗಿತು. ಕೊಲೆಸ್ಟರಾಲ್ ಇಳಿಸುವ ಲೋವಾಸ್ಟಾಟಿನ್ ಕೂಡ ಬೂಷ್ಟಿನ ಕೊಡುಗೆಯೇ. ಆಸ್ಪರ್ಜಿಲಸ್ ಟೆರಿಯಸ್ ಅದನ್ನು ತಾನಾಗಿ ತಯಾರಿಸುತ್ತದೆ. ಇದರ ತಯಾರಿಕೆಗೆ 2001ರಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು.

ಇನ್ಸುಲಿನ್‌ನದು ಬೇರೆ ಸವಾಲು. 51 ಅಮೈನೊ ಆಮ್ಲಗಳ ಈ ಪ್ರೋಟೀನನ್ನು ಮೊದಲು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. 1982ರಲ್ಲಿ ಬ್ಯಾಕ್ಟೀರಿಯಾದಲ್ಲಿ ತಯಾರಾದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂತು. ಬಯೋಕಾನ್ ಆರಿಸಿಕೊಂಡದ್ದು ಪಿಚಿಯಾ ಪಾಸ್ಟೋರಿಸ್ ಎಂಬ ಯೀಸ್ಟನ್ನು. ಮೆಥನಾಲನ್ನೇ ಉಂಡು ಬದುಕಬಲ್ಲ ಈ ಯೀಸ್ಟಿಗೆ ಇನ್ಸುಲಿನ್ ಜೀನು ಸೇರಿಸಿ, ಮೊದಲು ಬೇರೆ ಆಹಾರ ಕೊಟ್ಟು ದಟ್ಟವಾಗಿ ಬೆಳೆಸುತ್ತಾರೆ. ಆಮೇಲೆ ಮೆಥನಾಲ್ ಹನಿಸಿದೊಡನೆ ಆ ಜೀನು ಚಾಲೂ ಆಗುತ್ತದೆ. ತಯಾರಾದ ಇನ್ಸುಲಿನ್ನಿನ ಪೂರ್ವರೂಪವನ್ನು ಯೀಸ್ಟು ಹೊರಗಿನ ದ್ರವಕ್ಕೇ ಬಿಡುವುದರಿಂದ ಕೋಶಗಳನ್ನು ಒಡೆಯಬೇಕಿಲ್ಲ, ಶುದ್ಧೀಕರಣ ಹಗುರವಾಗುತ್ತದೆ. 2004ರಲ್ಲಿ ಇನ್‌ಸುಜೆನ್ ಹೆಸರಿನಲ್ಲಿ ಇದು ಬಂತು. ಕಿಣ್ವದ ವ್ಯವಹಾರವನ್ನು 2007ರಲ್ಲಿ ನೊವೊಝೈಮ್ಸ್‌ಗೆ ಮಾರಲಾಯಿತು.

ಮುಂದಿನದು ಜೈವಿಕ ಸಮರೂಪಿ ಔಷಧಗಳ ಕಾಲ. ಆಸ್ಪಿರಿನ್ ಅಣುವಿನಲ್ಲಿ ಇರುವುದು 21 ಪರಮಾಣು; ಯಾರು ಮಾಡಿದರೂ ಒಂದೇ. ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮ್ಯಾಬ್‌ನಲ್ಲಿ 20 ಸಾವಿರಕ್ಕೂ ಹೆಚ್ಚು. ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಜೀವಕೋಶಗಳಲ್ಲಿ ತಯಾರಾಗುವ ಅದಕ್ಕೆ ಸಕ್ಕರೆಯ ಸರಪಳಿಗಳೂ ಅಂಟಿರುತ್ತವೆ. ಉಷ್ಣತೆ, ಆಹಾರ, ಆಮ್ಲಜನಕ ಕೊಂಚ ಏರುಪೇರಾದರೂ ಆ ಸರಪಳಿ ಬದಲಾಗುತ್ತದೆ. ಆದ್ದರಿಂದ ತದ್ರೂಪು ಅಸಾಧ್ಯ. ಮೂಲ ಔಷಧವನ್ನು ಸಾಕಷ್ಟು ಹೋಲುತ್ತದೆ ಎಂದು ರುಜುವಾತು ಮಾಡಬೇಕು. ಬಯೋಕಾನ್ ಮತ್ತು ಮೈಲಾನ್ ಕಂಪನಿಗಳ ಟ್ರಾಸ್ಟುಜುಮ್ಯಾಬ್ 2014ರಲ್ಲಿ ಭಾರತದ ಮಾರುಕಟ್ಟೆಗೆ ಬಂತು. 2017ರಲ್ಲಿ ಅಮೆರಿಕದ ಒಪ್ಪಿಗೆ ಪಡೆಯಿತು.

ಎಲ್ಲವೂ ಕೈಗೂಡಿದ್ದಲ್ಲ. ಬಾಯಿಯ ಮೂಲಕ ಸೇವಿಸುವ ಇನ್ಸುಲಿನ್ 2011ರಲ್ಲಿ ಮೂರನೇ ಹಂತದ ಪ್ರಯೋಗದಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ. ಸೋರಿಯಾಸಿಸ್‌ಗೆಂದು ಬಂದಿದ್ದ ಇಟೊಲಿಜುಮ್ಯಾಬ್‌ಗೆ 2020ರಲ್ಲಿ ಕೇವಲ 30 ರೋಗಿಗಳ ಪ್ರಯೋಗದ ಮೇಲೆ ಕೋವಿಡ್ ತುರ್ತು ಬಳಕೆಯ ಅನುಮತಿ ಸಿಕ್ಕಾಗ ವೈದ್ಯರಿಂದ ಟೀಕೆ ಬಂತು. ಆ ಟೀಕೆ ನ್ಯಾಯವಾದದ್ದೇ ಆಗಿತ್ತು.

ಷಾ ಅವರಿಗೆ 1989ರಲ್ಲಿ ಪದ್ಮಶ್ರೀ, 2005ರಲ್ಲಿ ಪದ್ಮಭೂಷಣ ಸಂದವು. 2014ರಲ್ಲಿ ರಸಾಯನ ವಿಜ್ಞಾನಕ್ಕೆ ಮೀಸಲಾದ ಓಥ್ಮರ್ ಚಿನ್ನದ ಪದಕ ಬಂತು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿ ಅವರನ್ನು ವಿದೇಶಿ ಸದಸ್ಯೆಯಾಗಿ ಆರಿಸಿತು. ಅವರ ಕೆಲಸದ ಸ್ವರೂಪಕ್ಕೆ ಎಲ್ಲಕ್ಕಿಂತ ಹೆಚ್ಚು ಒಪ್ಪುವ ಗೌರವ ಈ ಕೊನೆಯದೇ.