ಜ್ವರ ಬಿಟ್ಟರೂ ಮಂಕು ಬಿಡದಿದ್ದರೆ...

ಫೆಬ್ರವರಿ ಕಳೆದು ಮಾರ್ಚ್ ಬಂತೆಂದರೆ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಮನೆಗಳಲ್ಲಿ ಎರಡು ಬಗೆಯ ಕಾವು ಏರುತ್ತದೆ. ಒಂದು ಕರಾವಳಿಯ ಸೆಕೆ, ಇನ್ನೊಂದು ಪರೀಕ್ಷೆ. ಇಂಥ ಹೊತ್ತಿನಲ್ಲೇ ಹುಡುಗನಿಗೊಂದು ಜ್ವರ ಬರುತ್ತದೆ. ಮಾತ್ರೆ, ಗಂಜಿ, ಕಷಾಯಗಳಲ್ಲಿ ನಾಲ್ಕು ದಿನ ಕಳೆದು ಜ್ವರ ಬಿಡುತ್ತದೆ. ಹುಡುಗ ಮಾತ್ರ ಮೊದಲಿನಂತಾಗುವುದಿಲ್ಲ. ಪುಸ್ತಕ ತೆರೆದಿದ್ದರೂ ಕಣ್ಣು ಬೇರೆಲ್ಲೋ. ಇಷ್ಟದ ಅಡುಗೆ ಮಾಡಿದರೂ ಊಟ ಬೇಡ. ಗೆಳೆಯರು ಕರೆದರೂ ಏಳುವುದಿಲ್ಲ.

"ಜ್ವರ ಬಿಟ್ಟು ವಾರವಾಯ್ತು. ಇನ್ನೂ ಮಲಗಿರೋದು ಸೋಮಾರಿತನ ಅಲ್ಲದೆ ಮತ್ತೇನು?" ಎಂದು ಅಪ್ಪ ಗದರುತ್ತಾನೆ. "ಬೈಯಬೇಡ ಮಾರಾಯ, ಅವನಿಗೆ ಮೈ ಇನ್ನೂ ಸಮ ಆಗ್ಲಿಲ್ಲ" ಎಂದು ಅಜ್ಜಿ ಅಡ್ಡ ಬರುತ್ತಾಳೆ. ಕಳೆದ ಕೆಲವು ದಶಕಗಳ ಸಂಶೋಧನೆಗಳನ್ನು ನೋಡಿದರೆ ಅಜ್ಜಿಯ ಮಾತಿನಲ್ಲೇ ಹೆಚ್ಚು ವಿಜ್ಞಾನವಿದೆ!

ಕೊಟ್ಟಿಗೆಯ ಪಾಠ

ಕೊಟ್ಟಿಗೆಯಲ್ಲಿ ಜ್ವರ ಬಂದ ದನವನ್ನು ನೋಡಿದವರಿಗೆ ಗೊತ್ತು. ಅದು ಹುಲ್ಲು ಮುಟ್ಟುವುದಿಲ್ಲ. ತಲೆ ತಗ್ಗಿಸಿ ಒಂದು ಮೂಲೆಯಲ್ಲಿ ನಿಲ್ಲುತ್ತದೆ. ರೋಗ ಅದರ ಶಕ್ತಿಯನ್ನು ಹೀರಿಬಿಟ್ಟಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಇದು ದೇಹವೇ ಹೂಡಿದ ಉಪಾಯವೆಂದು 1988ರಲ್ಲಿ ಅಮೆರಿಕದ ಪಶುವೈದ್ಯ ವಿಜ್ಞಾನಿ ಬೆಂಜಮಿನ್ ಹಾರ್ಟ್ ವಾದಿಸಿದರು. ಓಡಾಟ, ಮೇವು, ಒಡನಾಟ ಎಲ್ಲವನ್ನೂ ನಿಲ್ಲಿಸಿ, ಉಳಿದ ಶಕ್ತಿಯನ್ನು ರೋಗಾಣುಗಳ ವಿರುದ್ಧದ ಹೋರಾಟಕ್ಕೆ ಮೀಸಲಿಡುವ ಉಪಾಯ.

ಇದನ್ನು ನಡೆಸುವುದು ನಮ್ಮ ರೋಗನಿರೋಧಕ ವ್ಯವಸ್ಥೆ. ರೋಗಾಣು ಒಳಹೊಕ್ಕೊಡನೆ ಬಿಳಿ ರಕ್ತಕಣಗಳು ಸೈಟೊಕೈನ್ ಎಂಬ ಪ್ರೋಟೀನುಗಳನ್ನು ಹೊರಬಿಡುತ್ತವೆ. ಇವು ಸುದ್ದಿ ಒಯ್ಯುವ ಅಂಚೆಯಾಳುಗಳಿದ್ದಂತೆ. ರಕ್ತದ ಮೂಲಕವೂ, ಎದೆ-ಹೊಟ್ಟೆಗಳಿಂದ ಮಿದುಳಿಗೆ ಸಾಗುವ ವೇಗಸ್ ನರದ ಮೂಲಕವೂ ಸುದ್ದಿ ಮಿದುಳನ್ನು ಮುಟ್ಟುತ್ತದೆ. ಆಗ ಹಸಿವು ಅಡಗುತ್ತದೆ, ಮೈ ಭಾರವಾಗುತ್ತದೆ, ಯಾವುದರಲ್ಲೂ ಆಸಕ್ತಿ ಉಳಿಯುವುದಿಲ್ಲ.

ಇದು ನಮ್ಮ ಜಿಲ್ಲೆಗೆ ದೂರದ ಮಾತಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹೊನ್ನಾವರದ ಕಾಡಂಚಿನ ಹಳ್ಳಿಗಳಿಗೂ ಪರಿಚಿತ. ಅದರ ಕಾಲ ಚಳಿಗಾಲದಿಂದ ಬೇಸಿಗೆಯವರೆಗೆ, ಅಂದರೆ ಪರೀಕ್ಷೆಯ ಕಾಲವೇ. ಜ್ವರ ಇಳಿದ ಮೇಲೂ ವಾರಗಟ್ಟಲೆ ನಿಶ್ಶಕ್ತಿ ಕಾಡುವುದು ಈ ಕಾಯಿಲೆಯ ಲಕ್ಷಣ. ಮಳೆಗಾಲದ ಡೆಂಗಿಯೂ ಹೀಗೆಯೇ ಹಲವರನ್ನು ಬಹುದಿನ ಸುಸ್ತಾಗಿಸುತ್ತದೆ.

ಔಷಧ ನುಡಿದ ಸಾಕ್ಷಿ

ಜ್ವರದ ಮಂಕು ಬೇರೆ, ಖಿನ್ನತೆ ಬೇರೆ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಇದಕ್ಕೆ ಉತ್ತರ ಅನಿರೀಕ್ಷಿತ ಕಡೆಯಿಂದ ಬಂತು. ಇಂಟರ್‌ಫೆರಾನ್ ಕೂಡ ಒಂದು ಸೈಟೊಕೈನ್. ಕೆಲವು ಬಗೆಯ ಕ್ಯಾನ್ಸರ್ ಮತ್ತು ಹೆಪಟೈಟಿಸ್ ರೋಗಿಗಳಿಗೆ ಇದನ್ನು ಔಷಧವಾಗಿ ಕೊಟ್ಟಾಗ ಹಲವರು ತೀವ್ರ ಖಿನ್ನತೆಗೆ ಜಾರಿದರು. 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಚರ್ಮದ ಕ್ಯಾನ್ಸರ್‌ನ 40 ರೋಗಿಗಳಿದ್ದರು. ಅರ್ಧ ಜನರಿಗೆ ಮೊದಲೇ ಖಿನ್ನತೆ ನಿವಾರಕ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಹುಸಿ ಮಾತ್ರೆಯವರಲ್ಲಿ ಶೇ. 45ರಷ್ಟು ಮಂದಿ ಖಿನ್ನತೆಗೆ ಒಳಗಾದರೆ, ನಿಜವಾದ ಮಾತ್ರೆ ಪಡೆದವರಲ್ಲಿ ಶೇ. 11 ಮಂದಿ ಮಾತ್ರ. ರಕ್ತದಲ್ಲಿನ ಒಂದು ಪ್ರೋಟೀನು ಮನಸ್ಸಿನ ಮೇಲೆ ಕತ್ತಲೆ ಕವಿಸಬಲ್ಲದು ಎಂಬುದು ಇದರಿಂದ ಸ್ಪಷ್ಟವಾಯಿತು.

ಪರೀಕ್ಷೆ ಬಂದರೆ ಗಾಯವೂ ಮಾಯದು

ಈ ದಾರಿಯಲ್ಲಿ ಸಂಚಾರ ಎರಡೂ ಕಡೆಗಿದೆ. ಮನಸ್ಸಿನ ಒತ್ತಡವೂ ರೋಗನಿರೋಧಕ ವ್ಯವಸ್ಥೆಯನ್ನು ಅಲುಗಾಡಿಸುತ್ತದೆ. ಅಮೆರಿಕದ ಓಹಿಯೊ ರಾಜ್ಯ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 75 ಮಂದಿ ವೈದ್ಯಕೀಯ ವಿದ್ಯಾರ್ಥಿಗಳ ರಕ್ತವನ್ನು ಪರೀಕ್ಷೆಗೆ ತಿಂಗಳ ಮುಂಚೆ ಒಮ್ಮೆ, ಪರೀಕ್ಷೆಯ ಮೊದಲ ದಿನ ಇನ್ನೊಮ್ಮೆ ತೆಗೆದು ನೋಡಿದರು. ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವ ರಕ್ತಕಣಗಳ ಚಟುವಟಿಕೆ ಪರೀಕ್ಷೆಯ ದಿನ ತಗ್ಗಿತ್ತು. ಒಂಟಿತನ ಹೆಚ್ಚಿದ್ದ ವಿದ್ಯಾರ್ಥಿಗಳಲ್ಲಿ ಅದು ಇನ್ನೂ ಕಡಿಮೆಯಿತ್ತು. ಈ ಫಲಿತಾಂಶ 1984ರಲ್ಲಿ ಪ್ರಕಟವಾಯಿತು.

1998ರಲ್ಲಿ ಅದೇ ತಂಡ 11 ಮಂದಿ ದಂತವೈದ್ಯ ವಿದ್ಯಾರ್ಥಿಗಳ ಅಂಗುಳಿನಲ್ಲಿ ಸಣ್ಣ ಗಾಯ ಮಾಡಿ ನೋಡಿತು. ರಜೆಯಲ್ಲಿ ಮಾಡಿದ ಗಾಯಕ್ಕಿಂತ ಪರೀಕ್ಷೆಗೆ ಮೂರು ದಿನ ಮುಂಚೆ ಮಾಡಿದ ಗಾಯ ಮಾಯಲು ಸರಾಸರಿ ಮೂರು ದಿನ ಹೆಚ್ಚು ಹಿಡಿಯಿತು!

ಸೋತ ಇಲಿ, ತಡೆದುಕೊಂಡ ಇಲಿ

ಒಂದೇ ಮನೆ, ಒಂದೇ ಶಾಲೆ. ಆದರೂ ಒಬ್ಬ ಮಗು ಒತ್ತಡ ತಡೆದುಕೊಳ್ಳುತ್ತದೆ, ಇನ್ನೊಂದು ಕುಸಿಯುತ್ತದೆ. ಏಕೆ? ನ್ಯೂಯಾರ್ಕಿನ ವಿಜ್ಞಾನಿಗಳು 2014ರಲ್ಲಿ ಇಲಿಗಳ ಮೇಲಿನ ಪ್ರಯೋಗವೊಂದನ್ನು ಪ್ರಕಟಿಸಿದರು. ಜಗಳಗಂಟ ಇಲಿಯ ಎದುರು ದಿನವೂ ಸೋಲುವಂತೆ ಮಾಡಿದಾಗ ಕೆಲವು ಇಲಿಗಳು ಮುದುಡಿದವು, ಕೆಲವು ತಡೆದುಕೊಂಡವು. ಮುದುಡಿದ ಇಲಿಗಳ ಬಿಳಿ ರಕ್ತಕಣಗಳು ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನನ್ನು ಹೆಚ್ಚಾಗಿ ಹೊರಬಿಡುವ ಸ್ವಭಾವದವು. ಈ ಸ್ವಭಾವ ಜಗಳಕ್ಕೆ ಮೊದಲೇ ಇತ್ತು! ಅವುಗಳ ಅಸ್ಥಿಮಜ್ಜೆಯನ್ನು ಬೇರೆ ಇಲಿಗಳಿಗೆ ಕಸಿ ಮಾಡಿದಾಗ ಆ ಇಲಿಗಳೂ ಒತ್ತಡಕ್ಕೆ ಬೇಗ ಸೋತವು.

ಮನುಷ್ಯ ಇಲಿಯಲ್ಲ, ನಿಜ. ಆದರೂ 'ಗಟ್ಟಿ ಮನಸ್ಸು' ಎಂದು ನಾವು ಕರೆಯುವುದರಲ್ಲಿ ಒಂದು ಪಾಲು ರಕ್ತದಲ್ಲೂ ಇರಬಹುದು ಎಂಬ ಸೂಚನೆ ಇಲ್ಲಿದೆ. ಕುಸಿದ ಮಗುವನ್ನು ದುರ್ಬಲ ಎನ್ನುವ ಮುಂಚೆ ಇದನ್ನು ನೆನೆಯಬೇಕು.

ಆದರೆ ಎಲ್ಲ ಖಿನ್ನತೆಗೂ ಇದೇ ಕಾರಣವಲ್ಲ. 2013ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಯಿದ್ದ 60 ಮಂದಿಯಲ್ಲಿ ಉರಿಯೂತ ತಗ್ಗಿಸುವ ಔಷಧವೊಂದನ್ನು ಪರೀಕ್ಷಿಸಿದರು. ಒಟ್ಟಾರೆ ನೋಡಿದರೆ ಅದು ಹುಸಿ ಔಷಧಕ್ಕಿಂತ ಮೇಲಾಗಿರಲಿಲ್ಲ. ರಕ್ತದಲ್ಲಿ ಉರಿಯೂತದ ಗುರುತು ಹೆಚ್ಚಿದ್ದವರಿಗೆ ಮಾತ್ರ ಪ್ರಯೋಜನ ಕಂಡಿತು. ಆದ್ದರಿಂದ 'ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ' ಎಂಬ ಜಾಹೀರಾತು ನಂಬಿ ಡಬ್ಬಿ ಡಬ್ಬಿ ಪುಡಿ ತರಬೇಡಿ. ಖಿನ್ನತೆಗೆ ಅದು ಮದ್ದಲ್ಲ.

ತಂದೆ-ತಾಯಿ ಏನು ಮಾಡಬಹುದು?

ಜ್ವರದಿಂದ ಎದ್ದ ಮಗುವಿಗೆ ಮರುದಿನವೇ ಹತ್ತು ಗಂಟೆ ಓದಿಸಬೇಡಿ. ಅರ್ಧರ್ಧ ಗಂಟೆಯಿಂದ ಆರಂಭಿಸಲಿ. ನಿದ್ದೆಗೆಟ್ಟರೆ ಉರಿಯೂತದ ಸೈಟೊಕೈನ್‌ಗಳು ಏರುತ್ತವೆ; ಪರೀಕ್ಷೆಯ ಹಿಂದಿನ ರಾತ್ರಿಯಾದರೂ ನಿದ್ದೆ ಬೇಕು. ಸಂಜೆ ಕಡಲ ದಂಡೆಯಲ್ಲೋ ತೋಟದಲ್ಲೋ ನಡೆದು ಬಂದರೆ ಹೊತ್ತು ಹಾಳಾಗುವುದಿಲ್ಲ. ಯೋಗಾಭ್ಯಾಸ ಮಾಡಿದ ಖಿನ್ನತೆಯ ರೋಗಿಗಳಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ತಗ್ಗಿದ್ದನ್ನು ಬೆಂಗಳೂರಿನ ನಿಮ್ಹಾನ್ಸ್ ತಜ್ಞರು 2013ರಲ್ಲಿ ವರದಿ ಮಾಡಿದ್ದಾರೆ.

ಒಂಟಿತನದ ಮಾತನ್ನೂ ಮರೆಯಬಾರದು. ಘಟ್ಟದ ಬುಡದ ಹಳ್ಳಿಯಿಂದ ಬಂದು ಪೇಟೆಯಲ್ಲಿ ಕೋಣೆ ಹಿಡಿದು ಓದುವ ಮಗಳಿರಲಿ, ತಂದೆ ಗಲ್ಫ್‌ನಲ್ಲಿ ದುಡಿಯುತ್ತಿರುವ ಮನೆಯ ಮಗನಿರಲಿ, ಫೋನಿನಲ್ಲಿ ಅಂಕದ ಮಾತಿಗೆ ಮುಂಚೆ "ಊಟ ಆಯ್ತಾ, ನಿದ್ದೆ ಬಂತಾ?" ಎಂದು ಕೇಳಿ.

ಎರಡು ವಾರ ಕಳೆದರೂ ಮಂಕು, ಅಳು, ನಿರಾಸಕ್ತಿ ಬಿಡದಿದ್ದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಿ. ರಕ್ತಹೀನತೆಯೋ ಥೈರಾಯ್ಡ್ ತೊಂದರೆಯೋ ಇದ್ದರೂ ಹೀಗಾಗುತ್ತದೆ. ಬದುಕೇ ಬೇಡವೆಂಬ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಹಣ ಖರ್ಚಿಲ್ಲದೆ ಕರೆ ಮಾಡಬಹುದು; ಕನ್ನಡದಲ್ಲೇ ಮಾತಾಡಬಹುದು.

ಪರೀಕ್ಷೆ ಮತ್ತೆ ಬರುತ್ತದೆ, ಅಂಕ ಮುಂದಿನ ಸಲವೂ ತೆಗೆಯಬಹುದು. ಮೈ ಸಮ ಆಗುವವರೆಗೆ ಕಾಯುವ ತಾಳ್ಮೆಯನ್ನು ಆ ಅಜ್ಜಿಯಿಂದ ನಾವೂ ಕಲಿಯೋಣ.